ಒಗೆದು ಒಗೆದು ಹಳೆಯದಾಗಲಿ ಅಂತಲೇ ಹೊಲಿಯುವ ಕೌದಿ

ಮಗುವಿಗೆಂದು ಕೊಟ್ಟ ಕೌದಿಯನ್ನು ಮಡಚಿ ಬೀರುವಿನಲ್ಲಿ ಎತ್ತಿಟ್ಟರೆ ನನಗೆ ಬೇಜಾರಾಗುತ್ತದೆ. ‘ಇಷ್ಟು ಚೆನ್ನಾಗಿದೆ, ಗಲೀಜಾದೀತು’ ಅನ್ನುತ್ತಾರೆ. ಗಲೀಜಾಗಲಿ ಅಂತಲೇ ಅಲ್ವಾ ಹೊಲಿದಿದ್ದು! ಮಗು ಅದರ ಮೇಲೆ ಹೊರಳಬೇಕು, ಹಾಲು ಕಕ್ಕಬೇಕು, ಮಾರನೇ ದಿನ ಕೌದಿ ಒಗೆದು ಒಣಗಿ ಮತ್ತೆ ನೆಲಕ್ಕೆ ಬರಬೇಕು. ಹಾಗಾಗಿ ಬಟ್ಟೆ ಆರಿಸುವಾಗಿನಿಂದ ಕೊನೆಯ ಅಂಚಿನವರೆಗೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದು ಒಗೆತಕ್ಕೆ ತಡೆಯುತ್ತಾ?

ನನ್ನ ಅಳತೆ 36 ಇಂಚಿನ ಚೌಕ. ಇದಕ್ಕೆ ಕಾರಣ ಅಂದಚಂದವಲ್ಲ, ಲೆಕ್ಕ. ಹತ್ತಿ ಬಟ್ಟೆ ಸಾಮಾನ್ಯವಾಗಿ 44 ಇಂಚು ಅಗಲ ಬರುತ್ತದೆ. ಎರಡೂ ಬದಿಯ ಕಿನಾರೆ ಕತ್ತರಿಸಿದರೂ 42 ಇಂಚು ಉಳಿಯುತ್ತದೆ. ಕೆಳಗಿನ ಬಟ್ಟೆ ಸುತ್ತಲೂ ಮೂರು ಇಂಚು ಜಾಸ್ತಿ ಇರಬೇಕು, ಹೊಲಿಯುವಾಗ ಅಷ್ಟಿಷ್ಟು ಸರಿಯುತ್ತದೆ. ಮೂವತ್ತಾರಕ್ಕೆ ಆರು ಸೇರಿಸಿದರೆ ಸರಿಯಾಗಿ ನಲವತ್ತೆರಡು. ಹಿಂಭಾಗದಲ್ಲಿ ಒಂದೂ ಜೋಡಣೆ ಬರುವುದಿಲ್ಲ. ಅದಕ್ಕಿಂತ ದೊಡ್ಡದು ಮಾಡಲು ಹೋದರೆ ಬಟ್ಟೆಯೂ ಜಾಸ್ತಿ, ಒಗೆಯುವಾಗ ಭಾರವೂ ಜಾಸ್ತಿ.

ಬಟ್ಟೆ ಪೂರ್ತಿ ಹತ್ತಿಯದೇ ಆಗಬೇಕು. ತಂದ ಕೂಡಲೇ ಒಗೆದುಬಿಡುತ್ತೇನೆ. ಒಗೆಯದ ಬಟ್ಟೆಯಲ್ಲೇ ಹೊಲಿದರೆ ಮೊದಲ ಒಗೆತದಲ್ಲಿ ಕುಗ್ಗಿ ಮೈತುಂಬಾ ಸುಕ್ಕು ಬಂದು ಮುದ್ದಾಗಿ ಕಾಣುತ್ತದೆ ಎನ್ನುವವರಿದ್ದಾರೆ. ಮಾತು ನಿಜವೇ. ಆದರೆ ಬೇರೆಯವರ ಮನೆಯಲ್ಲಿ ಕೆಂಪು ಬಣ್ಣ ಬಿಳಿಗೆ ಹತ್ತಿದರೆ? ಕಡುಕೆಂಪು, ಕಡುನೀಲಿ ಬಟ್ಟೆಗಳನ್ನು ಒಗೆದ ಮೇಲೂ ನಾನು ನಂಬುವುದಿಲ್ಲ. ಒದ್ದೆ ಬಿಳಿ ಚಿಂದಿಯಿಂದ ಗಟ್ಟಿಯಾಗಿ ಉಜ್ಜುತ್ತೇನೆ. ಚಿಂದಿಗೆ ಬಣ್ಣ ಬಂದರೆ ಮತ್ತೆ ನೀರಿಗೆ. ಆಮೇಲೂ ಬಂದರೆ ಆ ಬಟ್ಟೆ ಕೌದಿಗಲ್ಲ, ಚೀಲಕ್ಕೆ.

ಬಣ್ಣ ಹೊಂದಿಸುವುದು ಬಹಳ ಜನರಿಗೆ ತಲೆನೋವು. ನನ್ನದು ಸುಲಭದ ದಾರಿ. ಬಟ್ಟೆಗಳನ್ನೆಲ್ಲ ಸಾಲಾಗಿ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯುತ್ತೇನೆ. ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ ಕೌದಿ ಮಂಕಾಗುತ್ತದೆ ಅಂತ ಗೊತ್ತಾಯಿತು. ಕಡು, ತಿಳಿ, ನಡುವಿನದು ಮೂರೂ ಕಾಣಬೇಕು. ಪುಟ್ಟ ಮಕ್ಕಳಿಗಂತೂ ಮೊದಮೊದಲು ಕಣ್ಣು ನಿಲ್ಲುವುದು ಕಡು-ತಿಳಿ ಎದುರುಬದುರಾದ ಕಡೆಯೇ. ಎಲ್ಲರೂ ಕೊಡುವ ಪೇಲವ ಗುಲಾಬಿ, ಪೇಲವ ನೀಲಿ ನನಗೆ ಅಷ್ಟಕ್ಕಷ್ಟೇ.

ವಿನ್ಯಾಸ ಸರಳ. 5 ಇಂಚಿನ ಚೌಕಗಳು, ಎಂಟು ಸಾಲು, ಸಾಲಿಗೆ ಎಂಟು. ನಾಲ್ಕೂ ಬದಿ ಕಾಲಿಂಚು ಹೊಲಿಗೆಗೆ ಹೋದರೆ ಒಂದೊಂದು ಚೌಕ ನಾಲ್ಕೂವರೆ ಇಂಚಾಗಿ ನಿಲ್ಲುತ್ತದೆ. ಎಂಟು ನಾಲ್ಕೂವರೆ ಮೂವತ್ತಾರು. ಬಟ್ಟೆಯ ಅಗಲದಲ್ಲಿ 5 ಇಂಚಿನ ಒಂದು ಪಟ್ಟಿ ಕತ್ತರಿಸಿದರೆ ಎಂಟು ಚೌಕ ಸಿಗುತ್ತವೆ. ಅಲ್ಲಿಗೆ ಎಂಟು ಬಗೆಯ ಬಟ್ಟೆಯಿಂದ ಒಂದೊಂದು ಪಟ್ಟಿ ಸಾಕು.

ಇಲ್ಲಿ ಆ ಕಾಲಿಂಚಿನ ಬಗ್ಗೆ ಸ್ವಲ್ಪ ಹೇಳಬೇಕು, ಕೌದಿಯ ಜೀವವೇ ಅದು. ಹೊಲಿಗೆ ಕಾಲಿಂಚಿನಿಂದ ಬರೀ ಒಂದು ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಬಿತ್ತು ಅಂತಿಟ್ಟುಕೊಳ್ಳಿ. ನೂಲಿನಷ್ಟು ತಾನೇ ಅನ್ನಿಸುತ್ತದೆ. ಆದರೆ ಪ್ರತಿ ಜೋಡಣೆಯಲ್ಲೂ ಎರಡು ಚೌಕ ಸೇರುವುದರಿಂದ ಎಂಟನೇ ಒಂದು ಭಾಗ ಹೋಯಿತು. ಸಾಲಿನಲ್ಲಿ ಏಳು ಜೋಡಣೆ. ಹೆಚ್ಚುಕಡಿಮೆ ಒಂದು ಇಂಚೇ ಮಾಯ! ಒಂದು ಸಾಲು ಹೀಗೆ, ಇನ್ನೊಂದು ಸಾಲು ಹಾಗೆ ಆದರೆ ಮೂಲೆಗಳು ಕೂಡುವುದೇ ಇಲ್ಲ. ಹಾಗಾಗಿ ಹೊಸ ಕೌದಿ ಶುರುಮಾಡುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ, ಇಸ್ತ್ರಿ ಹಾಕಿ, ನಡುವಿನ ಪಟ್ಟಿ ಅಳೆಯುತ್ತೇನೆ. ಸರಿಯಾಗಿ ಒಂದು ಇಂಚು ಇರಬೇಕು. ಕಡಿಮೆ ಬಂದರೆ ಹೊಲಿಗೆಯನ್ನು ಒಂದೆರಡು ನೂಲು ಅಂಚಿನ ಕಡೆಗೆ ತರಬೇಕು. ಮಡಿಕೆಯೇ ಒಂಚೂರು ಬಟ್ಟೆ ತಿನ್ನುತ್ತದಲ್ಲ, ಅದರ ಲೆಕ್ಕವೂ ಇದರಲ್ಲಿ ಬಂತು. ಅಳತೆ ಸಿಕ್ಕ ಮೇಲೆ ಮಷಿನ್ನಿನ ತಟ್ಟೆಗೆ ಅಲ್ಲಿ ಒಂದು ಟೇಪು ಅಂಟಿಸಿದರೆ ಆಯಿತು.

ಇಸ್ತ್ರಿಯನ್ನು ಎಳೆದಾಡಬಾರದು, ಒತ್ತಿ ಎತ್ತಬೇಕು. ಮೊದಲ ಸಾಲಿನ ಹೊಲಿಗೆಯಂಚುಗಳನ್ನು ಬಲಕ್ಕೆ ಮಡಚಿದರೆ ಎರಡನೆಯದನ್ನು ಎಡಕ್ಕೆ. ಸಾಲು ಜೋಡಿಸುವಾಗ ಎದುರುಬದುರು ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೆರಳಲ್ಲಿ ಸವರಿದರೆ ಉಬ್ಬು ತಗಲದ ಜಾಗ ಗೊತ್ತಾಗುತ್ತದೆ. ಅಲ್ಲೇ ಪಿನ್ನು.

ನಡುವೆ ಹಾಕಲು ಹತ್ತಿಯ ತೆಳು ಹಾಳೆಯೇ ನನಗಿಷ್ಟ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಉಬ್ಬಿಯೂ ಕಾಣುತ್ತದೆ, ಆದರೆ ನೆಲದ ಮೇಲೆ ಹಾಸಿದಾಗ ಹತ್ತಿಯ ಹಾಗೆ ಅಂಟಿಕೊಂಡು ಕೂರುವುದಿಲ್ಲ. ಕೆಳಗಿನ ಬಟ್ಟೆಯನ್ನು ಉಲ್ಟಾ ಹಾಸಿ, ನಾಲ್ಕೂ ಕಡೆ ಟೇಪಿನಿಂದ ನೆಲಕ್ಕೆ ಅಂಟಿಸಿ, ಅದರ ಮೇಲೆ ಹತ್ತಿ ಹಾಳೆ, ಅದರ ಮೇಲೆ ಜೋಡಿಸಿದ ಚೌಕಗಳು. ಅಂಗೈಯಗಲಕ್ಕೆ ಒಂದರಂತೆ ಸೇಫ್ಟಿ ಪಿನ್ನು. ಬೆನ್ನು ನೋಯುವ ಕೆಲಸ ಇದೊಂದೇ. ಪಿನ್ನುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಮಗುವಿನ ಕೌದಿಯಲ್ಲಿ ಒಂದು ಪಿನ್ನು ಉಳಿಯುವುದೂ ಬೇಡ.

ಮೂರು ಪದರ ಸೇರಿಸಿ ಹೊಲಿಯಲು 90ರ ಸೂಜಿ, ಹೊಲಿಗೆಯ ಉದ್ದ 3 ಮಿಲಿಮೀಟರ್. ಮಷಿನ್ನಿಗೆ ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಮುಂದಕ್ಕೆ ಸಾಗಿಸುವ ಪಾದ) ಇದ್ದರೆ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಸಮನಾಗಿ ಸಾಗುತ್ತವೆ. ಇಲ್ಲದಿದ್ದರೆ ಕೈಯಲ್ಲೇ ರನ್ನಿಂಗ್ ಹೊಲಿಗೆ ಹಾಕಿ, ಆತುರವೇನಿದೆ? ನಡುವಿನಿಂದ ಶುರುಮಾಡಿ ಹೊರಗೆ ಹೋಗಬೇಕು. ಹೊಲಿಗೆ ಎಷ್ಟು ದೂರ ಇರಬಹುದು ಎನ್ನುವುದು ಹತ್ತಿ ಹಾಳೆಯ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ನಾನು ಮಾತ್ರ ಪ್ರತಿ ಜೋಡಣೆಯ ಎರಡೂ ಬದಿಗೆ ಕಾಲಿಂಚು ಬಿಟ್ಟು ಒಂದೊಂದು ಗೆರೆ ಹೊಲಿಯುತ್ತೇನೆ. ಒಳಗಿನ ಹತ್ತಿ ಮುದ್ದೆಯಾಗುವುದಿಲ್ಲ, ಕೌದಿ ಬಿರುಸೂ ಆಗುವುದಿಲ್ಲ.

ಮೊದಲು ಹರಿಯುವುದು ಅಂಚು. ಅದಕ್ಕೇ ಅಂಚುಪಟ್ಟಿ ಯಾವಾಗಲೂ ಎರಡು ಪದರ. ಎರಡೂವರೆ ಇಂಚಿನ ನಾಲ್ಕು ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೂ ಮಡಚಿ ಇಸ್ತ್ರಿ ಹಾಕಿದರೆ 144 ಇಂಚಿನ ಸುತ್ತಳತೆಗೆ ಸಾಕಾಗಿ, ತುದಿ ಕೂಡಿಸಲೂ ಉಳಿಯುತ್ತದೆ. ಪಟ್ಟಿಯನ್ನು ಕೌದಿಯ ಮುಂಬದಿಯ ಅಂಚಿಗೆ ಇಟ್ಟು ಹೊಲಿಯುತ್ತಾ ಬನ್ನಿ, ಮೂಲೆಗೆ ಕಾಲಿಂಚು ಇರುವಾಗ ಹೊಲಿಗೆ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಅಂಚಿಗೆ ಸರಿಯಾಗಿ ಮತ್ತೆ ಕೆಳಕ್ಕೆ ಇಳಿಸಿ, ಹೊಸ ಬದಿಯನ್ನು ತುದಿಯಿಂದಲೇ ಶುರುಮಾಡಿ. ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನೇ ಓರೆಯಾಗಿ ಮಡಚಿಕೊಳ್ಳುತ್ತದೆ. ಹಿಂಬದಿಯನ್ನು ಕೈಯಲ್ಲಿ ಹೆಮ್ಮಿಂಗ್ ಮಾಡಿದರೆ ನೋಡಲು ಚೆಂದ. ಹೆಚ್ಚು ಒಗೆಯುವ ಮನೆಗಾದರೆ ಸುಮ್ನೆ ಮಷಿನ್ನಿನಲ್ಲೇ ಹೊಲಿದುಬಿಡಿ.

ಗುಂಡಿ, ಮಣಿ, ರಿಬ್ಬನ್ ಏನೂ ಬೇಡ. ಮಗು ಮೊದಲು ಎಳೆದು ಬಾಯಿಗಿಡುವುದೇ ಅವನ್ನು. ಕೊಡುವ ಮೊದಲು ನಾನೇ ಒಮ್ಮೆ ಒಗೆದು, ಜೊತೆಗೆ ಒಂದು ಚೀಟಿ ಇಡುತ್ತೇನೆ. ಅದರಲ್ಲಿ ಎರಡೇ ಮಾತು. ಒಂದು, ತಣ್ಣೀರಲ್ಲಿ ಒಗೆಯಿರಿ, ಎತ್ತಿಡಬೇಡಿ. ಎರಡು, ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಹೊದಿಸಬೇಡಿ, ಮಲಗುವ ಜಾಗದಲ್ಲೂ ಇಡಬೇಡಿ. ಸಡಿಲವಾದ ಹೊದಿಕೆ ಮುಖದ ಮೇಲೆ ಬಂದರೆ ಉಸಿರು ಕಟ್ಟುವ ಅಪಾಯವಿದೆ ಅಂತ ಮಕ್ಕಳ ವೈದ್ಯರೇ ಎಚ್ಚರಿಸುತ್ತಾರೆ. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು, ನೆಲದ ಮೇಲೆ ಬೋರಲು ಆಡಲಿಕ್ಕೆ ಕೌದಿ.

ಮುಂದಿನ ಕೆಲಸದ ವಿಚಾರಕ್ಕೆ ಬಂದರೆ, ನನ್ನದೊಂದು ಪುಸ್ತಕವಿದೆ. ಕೌದಿಗೊಂದು ಪುಟ. ಮೇಲೆ ಹೆರಿಗೆಯ ಅಂದಾಜು ತಾರೀಕು, ಅದಕ್ಕಿಂತ ಒಂದು ತಿಂಗಳು ಹಿಂದೆ ನನ್ನ ತಾರೀಕು. ಮಕ್ಕಳು ತಾರೀಕು ನೋಡಿ ಹುಟ್ಟುವುದಿಲ್ಲವಲ್ಲ. ಪುಟದಲ್ಲಿ ಬಟ್ಟೆಯ ಚೂರುಗಳನ್ನು ಸ್ಟೇಪಲ್ ಮಾಡಿ, ಏನೇನು ಉಳಿಯಿತು ಅಂತ ಬರೆದಿಡುತ್ತೇನೆ. ಆ ಉಳಿಕೆ ನೋಡಿಯೇ ಮುಂದಿನದನ್ನು ತೀರ್ಮಾನಿಸುವುದು, ಅಂಗಡಿಯಲ್ಲಿ ಕಂಡದ್ದನ್ನು ನೋಡಿ ಅಲ್ಲ. ಯಾರ ಹೆಸರೂ ಇಲ್ಲದ ಒಂದು ಜೋಡಣೆ ಯಾವಾಗಲೂ ತಯಾರಿರುತ್ತದೆ, ಸುದ್ದಿ ತಡವಾಗಿ ಬಂದರೆ ಕೈಕೊಡುವುದಿಲ್ಲ.

ಸದ್ಯಕ್ಕೆ ಪುಸ್ತಕದಲ್ಲಿ ಮೂರು ಕೆಲಸ ಕಾಯುತ್ತಿವೆ. ಮೊದಲನೆಯದು ತ್ರಿಕೋನಗಳ ಕೌದಿ. ಕಡು ಮತ್ತು ತಿಳಿ ಚೌಕ ಎದುರುಬದುರು ಇಟ್ಟು, ಓರೆಗೆರೆಯ ಎರಡೂ ಬದಿಗೆ ಕಾಲಿಂಚಿನಲ್ಲಿ ಹೊಲಿದು ನಡುವೆ ಕತ್ತರಿಸಿದರೆ ಎರಡು ಎರಡುಬಣ್ಣದ ಚೌಕ. 5 ಇಂಚಿನವನ್ನೇ ಬಳಸಿ, ನಾಲ್ಕೂವರೆಗೆ ಸವರಿ ಜೋಡಿಸಿದರೆ 4 ಇಂಚಾಗಿ ನಿಲ್ಲುತ್ತದೆ, ಒಂಬತ್ತು ಸಾಲಿಗೆ ಮತ್ತೆ ಅದೇ 36. ಎರಡನೆಯದು ಮಗುವಿಗೆ ಚಿಕ್ಕದಾದ ಅಂಗಿಗಳ ಕೌದಿ. ಬನಿಯನ್ ಬಟ್ಟೆ ಹಿಗ್ಗುವುದರಿಂದ ಹಿಂದೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ತೆಳು ಬಟ್ಟೆ) ಅಂಟಿಸದೆ ಕತ್ತರಿ ಹಾಕುವಂತಿಲ್ಲ. ಮೂರನೆಯದು ದೊಡ್ಡ ಹಾಸಿಗೆಯದು. ಅಷ್ಟು ಬಟ್ಟೆಯನ್ನು ಸುತ್ತಿ ಮಷಿನ್ನಿನ ತೋಳಿನ ಕೆಳಗೆ ತೂರಿಸುವುದು ಆಗದ ಮಾತು. ನಾಲ್ಕು ಭಾಗಗಳನ್ನು ಬೇರೆ ಬೇರೆ ಹೊಲಿದು, ಆಮೇಲೆ ಪಟ್ಟಿ ಕೊಟ್ಟು ಕೂಡಿಸಬೇಕು. ಅದಕ್ಕೆ ತಾರೀಕು ಇನ್ನೂ ಬರೆದಿಲ್ಲ, ಹತ್ತಿ ಹಾಳೆಯನ್ನು ಮಾತ್ರ ತಂದಿಟ್ಟಿದ್ದೇನೆ.