ಚಮಚವೇ ಇಲ್ಲ ಅಂದರೆ ಅದು ಮಾಯೆಯೇ? ‘ದಿ ಮ್ಯಾಟ್ರಿಕ್ಸ್’ಗೆ ತಾತ್ತ್ವಿಕ ವ್ಯಾಖ್ಯಾನ ಬರೆಯುವ ಕ್ರಮ

‘ಮ್ಯಾಟ್ರಿಕ್ಸ್ ಅಂದ್ರೆ ನಮ್ಮ ಮಾಯೆನೇ ಅಲ್ವಾ?’ 1999ರಲ್ಲಿ ಚಿತ್ರ ಬಂದಾಗಿನಿಂದ ಈ ಮಾತು ಕಿವಿಗೆ ಬೀಳುತ್ತಲೇ ಇದೆ. ಚಿತ್ರದಲ್ಲಿ ಮ್ಯಾಟ್ರಿಕ್ಸ್ ಎಂದರೆ ಯಂತ್ರಗಳು ಕಂಪ್ಯೂಟರಿನಲ್ಲಿ ಕಟ್ಟಿದ ನಕಲಿ ಲೋಕ; ಮನುಷ್ಯರು ಅದನ್ನೇ ನಿಜವೆಂದು ನಂಬಿರುತ್ತಾರೆ, ನಾಯಕ ನಿಯೋ ಅದರಿಂದ ಎಚ್ಚರಗೊಳ್ಳುತ್ತಾನೆ. ಹೋಲಿಕೆ ಕಾಣಲು ಹೆಚ್ಚು ಕಷ್ಟಪಡಬೇಕಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬಂತೆ, ವೇದಾಂತ ಓದಿದವರಿಗೆ ಯಾವ ಸಿನಿಮಾದಲ್ಲೂ ವೇದಾಂತ ಸಿಗುತ್ತದೆ. ಹೋಲಿಕೆ ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂದು ತೋರಿಸುವಲ್ಲೇ ನಿಜವಾದ ಕೆಲಸವಿರುವುದು.

ಮೊದಲು ಚಿತ್ರವನ್ನು ಮೂರು ಸಲ ನೋಡಿ. ಅವಧಿ 136 ನಿಮಿಷ, ಒಟ್ಟು ಏಳು ಗಂಟೆ ಹತ್ತಿರ ಹಿಡಿಯುತ್ತದೆ. ಒಂದೇ ದಿನ ಮಾಡಬೇಡಿ. ಮೊದಲ ಸಲ ಪೆನ್ನು ಮುಟ್ಟದೆ ಸುಮ್ಮನೆ ನೋಡಿ. ಎರಡನೇ ಸಲ ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಳ್ಳಿ: ಸಮಯ, ತೆರೆಯ ಮೇಲೆ ಕಂಡದ್ದು, ನಿಮಗನಿಸಿದ್ದು. ಎರಡನೆಯದರಲ್ಲಿ ‘ಬೋಳುತಲೆಯ ಹುಡುಗ, ಕೈಯಲ್ಲಿ ಚಮಚ’ ಎಂದಿರಬೇಕೇ ಹೊರತು ‘ಜ್ಞಾನಿ ಬಾಲಕ’ ಎಂದಲ್ಲ; ಜ್ಞಾನಿ ಎಂಬುದು ಮೂರನೇ ಕಾಲಂಗೆ ಸೇರಿದ್ದು. ಬಹುಪಾಲು ಲೇಖನಗಳು ಕೆಡುವುದು ಈ ಎರಡು ಕಾಲಂ ಕಲಸಿಹೋದಾಗ. ಮೂರನೇ ಸಲ ಧ್ವನಿ ಆರಿಸಿ ಬಣ್ಣ, ಕನ್ನಡಿ, ಬಾಗಿಲುಗಳನ್ನಷ್ಟೇ ಗಮನಿಸಿ. ಮ್ಯಾಟ್ರಿಕ್ಸ್ ಒಳಗಿನ ದೃಶ್ಯಗಳಿಗೆ ಹಸಿರು ಛಾಯೆ, ಹೊರಗಿನವಕ್ಕೆ ನೀಲಿ. ಆದರೆ ಹಳೆಯ ಬ್ಲೂ-ರೇ ಆವೃತ್ತಿಯಲ್ಲಿ ಹಸಿರು ಅತಿಯಾಗಿದೆ, 2018ರ 4ಕೆ ಆವೃತ್ತಿಯಲ್ಲಿ ಹಿತಮಿತ. ಹಾಗಾಗಿ ಬಣ್ಣದ ಮೇಲೆ ವಾದ ಕಟ್ಟುವವರು ತಾವು ನೋಡಿದ್ದು ಯಾವ ಆವೃತ್ತಿ ಎಂದು ಹೇಳಲೇಬೇಕು.

ಇನ್ನು ಪಂಥ. ಒಂದನ್ನೇ ಹಿಡಿಯಿರಿ. ಪ್ಲೇಟೊನ ಗುಹೆ, ಬೌದ್ಧರ ಶೂನ್ಯ, ಶಂಕರರ ಅದ್ವೈತ, ಬೈಬಲ್ಲು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದರೆ ಯಾವುದರ ರುಚಿಯೂ ಉಳಿಯುವುದಿಲ್ಲ. ಅದ್ವೈತ ಹಿಡಿದಿರಿ ಎನ್ನೋಣ. ‘ಎಲ್ಲವೂ ಮಾಯೆ’ ಎಂಬ ಬಾಯಿಮಾತು ಸಾಲದು. ಮಾಂಡೂಕ್ಯೋಪನಿಷತ್ತಿನಲ್ಲಿ ಇರುವುದೇ 12 ಮಂತ್ರ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಅದರ ಮೇಲೆ ಶಂಕರರ ಪರಮಗುರು ಎನ್ನಲಾಗುವ ಗೌಡಪಾದರ ಕಾರಿಕೆಗಳನ್ನು (ವಿವರಣೆಯ ಶ್ಲೋಕಗಳನ್ನು), ಮುಖ್ಯವಾಗಿ ಕನಸು ಮತ್ತು ಎಚ್ಚರಗಳನ್ನು ಹೋಲಿಸುವ ವೈತಥ್ಯ ಪ್ರಕರಣವನ್ನು ಓದಿ. ಬಳಿಕ ಅದ್ವೈತದ ಮೂರು ಮಟ್ಟಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಮಬ್ಬುಗತ್ತಲಲ್ಲಿ ಕಂಡ ಹಾವು ಪ್ರಾತಿಭಾಸಿಕ. ದೀಪ ತಂದಾಗ ಕಂಡ ಹಗ್ಗ ವ್ಯಾವಹಾರಿಕ. ಬ್ರಹ್ಮಜ್ಞಾನವಾದಾಗ ಆ ಹಗ್ಗವೂ ಬೇರೆಯಾಗಿ ಉಳಿಯದ ನೆಲೆ ಪಾರಮಾರ್ಥಿಕ.

ಈಗ ಚಿತ್ರವನ್ನು ಇದರ ಪಕ್ಕ ಇಡಿ. ಬಂಡಾಯಗಾರರ ನಾಯಕ ಮಾರ್ಫಿಯಸ್ ಕೊಟ್ಟ, ನಿಜ ತೋರಿಸುವ ಕೆಂಪು ಗುಳಿಗೆ ನುಂಗಿ ನಿಯೋ ಎದ್ದದ್ದು ಎಲ್ಲಿ? ಲೋಳೆ ತುಂಬಿದ ತೊಟ್ಟಿಯಲ್ಲಿ, ಮೈತುಂಬ ಕೊಳವೆ ಚುಚ್ಚಿಸಿಕೊಂಡು. ಅಲ್ಲಿ ಹಸಿವಿದೆ, ಚಳಿಯಿದೆ, ಹಡಗಿದೆ, ಸಾವಿದೆ. ಅಂದರೆ ಅವನು ಹಾವಿನಿಂದ ಹಗ್ಗಕ್ಕೆ ಬಂದಿದ್ದಾನೆ, ಅಷ್ಟೇ. ಹಗ್ಗದಾಚೆಗೆ ಚಿತ್ರ ಹೆಜ್ಜೆಯಿಡುವುದಿಲ್ಲ. ಅವನ ‘ನಾನು’ ಕರಗುವ ಬದಲು ‘ಅವನೇ ಆ ಒಬ್ಬ’ (ಎಲ್ಲರೂ ಕಾಯುತ್ತಿದ್ದ ಉದ್ಧಾರಕ) ಎಂದು ಇನ್ನಷ್ಟು ಗಟ್ಟಿಯಾಗುತ್ತದೆ. ಚಮಚದ ದೃಶ್ಯವನ್ನೂ ಹೀಗೇ ಪರೀಕ್ಷಿಸಿ. ಚಮಚವನ್ನು ಬಗ್ಗಿಸಲು ಹೋಗಬೇಡ, ಚಮಚವೇ ಇಲ್ಲ, ಬಗ್ಗುವುದು ನೀನೇ ಎನ್ನುತ್ತಾನೆ ಹುಡುಗ. ಕೇಳಲು ಥೇಟ್ ವೇದಾಂತ. ಆದರೆ ಆ ಚಮಚ ಇಲ್ಲದಿರುವುದು ಅದು ಕಂಪ್ಯೂಟರಿನ ಲೆಕ್ಕಾಚಾರ ಎಂಬ ಕಾರಣಕ್ಕೆ. 2003ರಲ್ಲಿ ಬಂದ ಎರಡನೇ ಭಾಗದಲ್ಲಿ ಅದೇ ಹುಡುಗ ನಿಯೋಗೆ ಒಂದು ಚಮಚ ಕಳಿಸಿಕೊಡುತ್ತಾನೆ. ಮ್ಯಾಟ್ರಿಕ್ಸ್‌ನಿಂದ ಬಿಡುಗಡೆಯಾದವರ ಜಿಯಾನ್ ನಗರದಲ್ಲಿ ಅದು ಕೈಗೆ ಸಿಗುವ, ತೂಕವಿರುವ ಲೋಹದ ಚಮಚ. ಗೌಡಪಾದರ ಪ್ರಕಾರ ಪ್ರಶ್ನೆಗೆ ಒಳಗಾಗಬೇಕಾದದ್ದು ಈ ಎರಡನೇ ಚಮಚವೂ ಹೌದು. ಚಿತ್ರ ಅದನ್ನು ಪ್ರಶ್ನಿಸುವುದಿಲ್ಲ. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಇನ್ನೊಂದು ಬಿರುಕೂ ಇದೆ. ಅದ್ವೈತದ ಮಾಯೆಯ ಹಿಂದೆ ಸಂಚುಗಾರರಿಲ್ಲ. ಕತ್ತಲಲ್ಲಿ ಹಗ್ಗ ಹಾವಾಗಿ ಕಂಡರೆ ಯಾರೂ ಮೋಸ ಮಾಡಿದಂತಾಗುವುದಿಲ್ಲ. ಮ್ಯಾಟ್ರಿಕ್ಸನ್ನಾದರೋ ಯಂತ್ರಗಳು ಬೇಕೆಂದೇ ಕಟ್ಟಿವೆ, ಏಜೆಂಟರನ್ನು ಕಾವಲಿಗೆ ಹಾಕಿವೆ. ಇದಕ್ಕೆ ಹೆಚ್ಚು ಒಪ್ಪುವುದು ಕ್ರಿಸ್ತಶಕದ ಆರಂಭದ ಶತಮಾನಗಳ ನಾಸ್ಟಿಕ್ ಪಂಥ (ನಮ್ಮ ‘ನಾಸ್ತಿಕ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರ ಹತ್ತಿರವಷ್ಟೇ). 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಹಸ್ತಪ್ರತಿಗಳಲ್ಲಿ ಬರುವ ಕೀಳು ಸೃಷ್ಟಿಕರ್ತ, ಅವನ ಕಾವಲುಗಾರರಾದ ಆರ್ಕಾನ್‌ಗಳು, ಬಿಡುಗಡೆಯ ದಾರಿಯಾದ ಅರಿವು, ಮೂರಕ್ಕೂ ಇಲ್ಲಿ ಜಾಗವಿದೆ. ಆದರೂ ಪೂರ್ತಿ ಹೊಂದುವುದಿಲ್ಲ: ಆ ಪಂಥದವರಿಗೆ ಜಡವಸ್ತುವೇ ಸೆರೆಮನೆ, ಇಲ್ಲಿ ಜಡಲೋಕಕ್ಕೆ ಎಚ್ಚರಗೊಳ್ಳುವುದೇ ಬಿಡುಗಡೆ. ಪ್ರತಿ ಓದಿಗೂ ಹೊಂದುವ ಐದು ಅಂಶ, ಹೊಂದದ ಕನಿಷ್ಠ ಎರಡು ಅಂಶ ಪಟ್ಟಿ ಮಾಡಿ. ಹೊಂದದ್ದು ಒಂದೂ ಸಿಗಲಿಲ್ಲವೆಂದರೆ ಮೂಲಗ್ರಂಥ ಸರಿಯಾಗಿ ಓದಿಲ್ಲ ಎಂದೇ ಅರ್ಥ.

ಸಂಖ್ಯೆ, ಹೆಸರುಗಳ ವಿಷಯದಲ್ಲಿ ಜಾರುವವರೇ ಹೆಚ್ಚು. ಅದಕ್ಕೊಂದು ಸರಳ ಪರೀಕ್ಷೆ: ಆ ವಿವರ ಬದಲಿಸಿದರೆ ಕಥೆಯಿಂದ ಏನಾದರೂ ಕಳಚಿಬೀಳುತ್ತದೆಯೇ? ಮಾರ್ಫಿಯಸ್‌ನ ಸಂಗಾತಿ ಟ್ರಿನಿಟಿ ಆರಂಭದಲ್ಲಿ ಸಿಕ್ಕಿಬೀಳುವ ಕೋಣೆ 303, ಕೊನೆಗೆ ನಿಯೋ ಗುಂಡೇಟು ತಿಂದು ಬೀಳುವುದೂ 303ರ ಬಾಗಿಲಲ್ಲಿ. ಸಂಖ್ಯೆ ಬದಲಾದರೆ ಆ ಅನುರಣನವೇ ಹೋಗುತ್ತದೆ, ಹಾಗಾಗಿ ಪುರಾವೆ. ಮಾರ್ಫಿಯಸ್‌ನ ಹಡಗಿನ ಫಲಕದಲ್ಲಿ ‘ಮಾರ್ಕ್ 3, ನಂ. 11’ ಎಂದಿದೆ, ಮಾರ್ಕನ ಸುವಾರ್ತೆ 3:11ರಲ್ಲಿ ದುರಾತ್ಮಗಳು ‘ನೀನು ದೇವಕುಮಾರ’ ಎಂದು ಕೂಗುತ್ತವೆ; ಇದೂ ಬೇಕೆಂದೇ ಇಟ್ಟದ್ದೆಂದು ಧೈರ್ಯವಾಗಿ ಹೇಳಬಹುದು. ನಿಯೋನ ಪಾಸ್‌ಪೋರ್ಟ್ ಅವಧಿ ಮುಗಿಯುವುದು 2001ರ ಸೆಪ್ಟೆಂಬರ್ 11ಕ್ಕೆ. ಚಿತ್ರ ಬಂದದ್ದು ಅದಕ್ಕೂ ಎರಡು ವರ್ಷ ಮೊದಲು. ಆ ದಿನಾಂಕ ಬದಲಿಸಿದರೆ ಕಥೆಗೆ ಕೂದಲೂ ಕೊಂಕುವುದಿಲ್ಲ, ಬರೀ ಕಾಕತಾಳೀಯ. ಇದನ್ನು ‘ಭವಿಷ್ಯವಾಣಿ’ ಎಂದು ಬರೆದರೆ ಉಳಿದ ಒಳ್ಳೆಯ ವಾದವನ್ನೂ ಯಾರೂ ನಂಬುವುದಿಲ್ಲ.

ಉಲ್ಲೇಖಗಳನ್ನು ಚಿತ್ರದಿಂದಲೇ ಎತ್ತಿ, ಮೀಮ್‌ನಿಂದಲ್ಲ. ‘ನಾನು ಹೀಗೆಂದರೆ ಏನನ್ನುವೆ’ ಎಂಬ ಧಾಟಿಯಲ್ಲಿ ಮಾರ್ಫಿಯಸ್ ಹೆಸರಲ್ಲಿ ಓಡಾಡುವ ಆ ಪ್ರಸಿದ್ಧ ಸಾಲನ್ನು ಅವನು ಚಿತ್ರದಲ್ಲೆಲ್ಲೂ ಆಡುವುದಿಲ್ಲ. ನಿರ್ದೇಶಕರ ಮಾತನ್ನೂ ಸೇರಿಸಿ, ಆದರೆ ತೀರ್ಪಾಗಿ ಅಲ್ಲ. ಉದಾಹರಣೆಗೆ, ನಿಯೋ ಡಿಸ್ಕ್ ಬಚ್ಚಿಡಲು ಅವರು ತೋರಿಸಿದ ಪೊಳ್ಳು ಪುಸ್ತಕ ಫ್ರೆಂಚ್ ಚಿಂತಕ ಬೊದ್ರಿಯಾರನದು. ಆದರೆ ಚಿತ್ರ ತನ್ನ ವಿಚಾರವನ್ನು ತಪ್ಪಾಗಿ ಗ್ರಹಿಸಿದೆ ಎಂದೇ ಬೊದ್ರಿಯಾರ್ ಹೇಳಿದ: ನಕಲಿನಾಚೆ ಅಸಲಿ ಲೋಕ ಹಾಗೇ ಉಳಿದಿದೆ ಎನ್ನುವುದು ಅವನ ವಾದಕ್ಕೆ ವಿರುದ್ಧ. ಅವನೂ ಗೌಡಪಾದರೂ ಎತ್ತುವ ತಕರಾರು ಒಂದೇ ಜಾಗದಲ್ಲಿ ಸಂಧಿಸುವುದನ್ನು ಗಮನಿಸಿ. ಇದೊಂದರ ಮೇಲೇ ಇಡೀ ಲೇಖನ ಬರೆಯಬಹುದು.

ಬರೆಯುವಾಗ ಸಾವಿರ ಪದದ ಲೇಖನಕ್ಕೆ ಕಥಾಸಾರ ನೂರು ಪದ ದಾಟದಿರಲಿ. ಎರಡೇ ದೃಶ್ಯ ಆರಿಸಿ, ಒಂದೊಂದಕ್ಕೂ ಮುನ್ನೂರು ಪದ ಕೊಡಿ. ಪಾರಿಭಾಷಿಕ ಪದ ಮೊದಲ ಸಲ ಬಂದಾಗ ಹಗ್ಗ-ಹಾವಿನಂಥ ಉದಾಹರಣೆಯ ಜತೆಗೇ ಬರಲಿ. ಮೂರನೇ ಭಾಗದ ಸಂಗೀತದಲ್ಲಿ ಬೃಹದಾರಣ್ಯಕದ ‘ಅಸತೋ ಮಾ ಸದ್ಗಮಯ’ ಸಂಸ್ಕೃತದಲ್ಲೇ ಕೇಳಿಬರುತ್ತದೆ. ಇದನ್ನು ಲೇಖನದ ಮೊದಲ ಸಾಲಾಗಿಸುವ ಆಸೆ ಯಾರಿಗೂ ಆಗುತ್ತದೆ. ಅದನ್ನು ಕೊನೆಯ ಭಾಗಕ್ಕೆ ತಳ್ಳಿ: ಚಿತ್ರ ಮಾಡಿದವರ ಕಿವಿಗೆ ಉಪನಿಷತ್ತು ಬಿದ್ದಿತ್ತು ಎನ್ನುವುದಕ್ಕೆ ಅದು ಸಾಕ್ಷಿ, ಅವರ ಕಥೆ ಅದರಂತೆ ನಡೆಯಿತು ಎನ್ನುವುದಕ್ಕಲ್ಲ.