ಲಿವರ್ ಪ್ರೋಟೀನಿಂದ ಕ್ಯಾಡ್ಮಿಯಂ ಬಿಡಿಸೋದು ಹೇಗೆ

ಲಿವರ್‌ಗೆ ಬಂದ ಕ್ಯಾಡ್ಮಿಯಂ ಅನ್ನೋ ವಿಷಕಾರಿ ಲೋಹನ ಮುಖ್ಯವಾಗಿ ಹಿಡ್ಕೊಂಡು ಕೂರೋದು ಮೆಟಲೋಥಯೋನಿನ್ ಅನ್ನೋ ಪ್ರೋಟೀನು. ಚಿಕ್ಕದು, 6-7 ಕಿಲೋಡಾಲ್ಟನ್ (ಅಣುತೂಕದ ಅಳತೆ) ಅಷ್ಟೇ, ಆದ್ರೆ ಅದ್ರಲ್ಲಿ ಸಿಸ್ಟೀನ್ ಅನ್ನೋ ಗಂಧಕ ಇರೋ ಅಮೈನೋ ಆಸಿಡ್ 20 ಇರ್ತವೆ, ಅವುಗಳ ಗಂಧಕ ಸೇರಿ 7 ಸತು ಅಥ್ವಾ ಕ್ಯಾಡ್ಮಿಯಂ ಅಯಾನುಗಳನ್ನ ಕಟ್ಟಿ ಹಾಕುತ್ತೆ. ಲ್ಯಾಬಲ್ಲಿ ಬಹಳ ಜನ ಇದಕ್ಕೆ ಸೀದಾ ಇಡಿಟಿಎ (ಲೋಹ ಹಿಡ್ಕೊಳ್ಳೋ ಕೆಮಿಕಲ್, ಇಂಥವನ್ನ ಕೀಲೇಟರ್ ಅಂತಾರೆ) ಹಾಕಿ ಕಾಯ್ತಾರೆ. ಸತುವಾದ್ರೆ ನಿಧಾನಕ್ಕೆ ಬಿಟ್ಕೊಡುತ್ತೆ, ಕ್ಯಾಡ್ಮಿಯಂ ಅಷ್ಟು ಸುಲಭಕ್ಕೆ ಬಿಡಲ್ಲ. ನನ್ನ ಪ್ರಕಾರ ಮೊದ್ಲು ಆಸಿಡ್, ಕೀಲೇಟರ್ ಆಮೇಲೆ.

ಗಾಜಿನ ಪಾತ್ರೆ ಬೇಡ, ಪ್ಲಾಸ್ಟಿಕ್ ಟ್ಯೂಬುಗಳನ್ನ ತೆಳು ನೈಟ್ರಿಕ್ ಆಸಿಡಲ್ಲಿ ನೆನೆಸಿ ಶುದ್ಧ ನೀರಲ್ಲಿ ತೊಳೀರಿ, ಬಫರ್‌ನ (ಪಿಹೆಚ್ ಸ್ಥಿರವಾಗಿಡೋ ದ್ರಾವಣ) ಕೀಲೆಕ್ಸ್ ಅನ್ನೋ ಲೋಹ ಹಿಡಿಯೋ ರೆಸಿನ್ ಮಣಿಗಳ ಮೇಲೆ ಹಾಯಿಸ್ಕೊಳ್ಳಿ. ಪ್ರೋಟೀನಿಗೆ ಡಿಟಿಟಿ (ಗಂಧಕಗಳು ಒಂದಕ್ಕೊಂದು ಅಂಟದಂತೆ ತಡೆಯೋ ಕೆಮಿಕಲ್) ಹಾಕಿ, ನೈಟ್ರೋಜನ್ ಹಾಯ್ತಾ ಇರ್ಲಿ, ಯಾಕಂದ್ರೆ ಲೋಹ ಹೋದ ಗಂಧಕಕ್ಕೆ ಗಾಳಿ ತಾಗಿದ್ರೆ ಒಂದಕ್ಕೊಂದು ಅಂಟ್ಕೊಂಡು ಪ್ರೋಟೀನೇ ಕೆಟ್ಟೋಗುತ್ತೆ. ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಹನಿಹನಿಯಾಗಿ ಹಾಕ್ತಾ ಪಿಹೆಚ್ 2ಕ್ಕೆ ಇಳಿಸಿ, 10 ಮಿಲಿಮೋಲಾರ್ ಆಸಿಡಲ್ಲಿ ತಯಾರಾದ ಜಿ-25 ಕಾಲಮ್ಮಿಗೆ (ದೊಡ್ಡ, ಸಣ್ಣ ಅಣುಗಳನ್ನ ಬೇರೆ ಮಾಡೋ ಜೆಲ್ ತುಂಬಿದ ಕೊಳವೆ) ಹಾಕಿ. ಪ್ರೋಟೀನು ಮುಂಚೆ ಬರುತ್ತೆ, ಕ್ಯಾಡ್ಮಿಯಂ, ಡಿಟಿಟಿ ಎರಡೂ ಹಿಂದೆ ಉಳೀತವೆ. ಈ ಹಂತದಲ್ಲಿ ಇಡಿಟಿಎ ಹಾಕ್ಬೇಡಿ, ಅಷ್ಟು ಆಸಿಡಲ್ಲಿ ಅದು ಕರಗದೆ ತಳ ಸೇರುತ್ತೆ.

ನೈಟ್ರೋಜನ್ ಹಾಯ್ತಾ ಇರೋವಾಗ್ಲೇ ಪಿಹೆಚ್ 7ಕ್ಕೆ ಏರಿಸಿ ಉಳಿದ ಕ್ಯಾಡ್ಮಿಯಂನ ಕೀಲೆಕ್ಸಿಂದ ಎಳ್ಕೊಳ್ಳಿ, ಮಣಿಗಳನ್ನ ಸ್ಪಿನ್ ಮಾಡಿ ತೆಗೆದ್ರೆ ಮುಗೀತು. ಇಡಿಟಿಎನೇ ಬಳಸಿದ್ರೆ ಪೂರ್ತಿ ಡಯಾಲಿಸಿಸ್ (ಸಣ್ಣ ಅಣು ಮಾತ್ರ ಸೋರೋ ಬ್ಯಾಗಲ್ಲಿಟ್ಟು ತೊಳೆಯೋದು) ಮಾಡ್ಲೇಬೇಕು, ಇಲ್ದಿದ್ರೆ ಮುಂದೆ ನೀವು ಸತು ಹಾಕಿದ್ರೆ ಅದನ್ನ ಉಳಿದ ಇಡಿಟಿಎನೇ ಕಿತ್ಕೊಳ್ಳುತ್ತೆ. ಮಾಮೂಲಿ 12-14 ಕಿಲೋಡಾಲ್ಟನ್ ಬ್ಯಾಗ್ ತಗೊಂಡ್ರೆ ಪ್ರೋಟೀನೇ ಸೋರಿ ಹೋಗುತ್ತೆ, 2 ಕಿಲೋಡಾಲ್ಟನ್‌ದು ನೋಡಿ.

ತಾಮ್ರ, ಪಾದರಸ ಪಿಹೆಚ್ 2ರಲ್ಲೂ ಅಲ್ಲಾಡಲ್ಲ. ತಾಮ್ರಕ್ಕೆ ಟೆಟ್ರಾಥಯೋಮೋಲಿಬ್ಡೇಟ್, ಪಾದರಸಕ್ಕೆ ಡಿಎಂಪಿಎಸ್ ಥರ ಗಂಧಕ ಇರೋ ಕೀಲೇಟರೇ ಬೇಕು.

ಇದೆಲ್ಲ ಟ್ಯೂಬಲ್ಲಿರೋ ಪ್ರೋಟೀನಿಗೆ ಮಾತ್ರ, ದಯವಿಟ್ಟು ಲಿವರ್ ಕ್ಲೀನ್ ಮಾಡ್ಕೊಳ್ಳೋಕೆ ಅಂತ ಯಾರೂ ಕೀಲೇಟರ್ ತಗೋಬೇಡಿ. ಡೈಸೋಡಿಯಂ ಇಡಿಟಿಎ ರಕ್ತದ ಕ್ಯಾಲ್ಸಿಯಂ ಇಳಿಸಿ ಜನ ಸತ್ತಿದ್ದಾರೆ. ಕ್ಯಾಡ್ಮಿಯಂ ಇರೋ ನೀರನ್ನ ಸಿಂಕಿಗೂ ಸುರೀಬೇಡಿ, ಬೇರೆ ಕ್ಯಾನಲ್ಲಿ ಹಾಕಿ.

ಕೊನೆಗೆ ಸ್ಪೆಕ್ಟ್ರಮ್ ತೆಗೆದ್ರೆ 250 ನ್ಯಾನೋಮೀಟರ್ ಹತ್ರದ ಕ್ಯಾಡ್ಮಿಯಂ ಉಬ್ಬು ಕಾಣಬಾರ್ದು, ಆದ್ರೂ ಐಸಿಪಿ-ಎಂಎಸ್ (ಅತಿ ಕಮ್ಮಿ ಲೋಹನೂ ಅಳೆಯೋ ಪರೀಕ್ಷೆ) ಮಾಡ್ಸದೆ ನಂಬ್ಬೇಡಿ. ಜೊತೆಗೆ ಡಿಟಿಎನ್‌ಬಿ (ಥಯಾಲ್ ಇದ್ರೆ ಹಳದಿ ಬಣ್ಣ ಬರೋ ಕೆಮಿಕಲ್) ಹಾಕಿ 412 ನ್ಯಾನೋಮೀಟರಲ್ಲಿ ಥಯಾಲ್ (ಸಿಸ್ಟೀನಿನ ಬಿಡುವಾಗಿರೋ ಗಂಧಕ ಗುಂಪು) ಎಣಿಸಿ, ಒಂದು ಪ್ರೋಟೀನಿಗೆ 20ರ ಹತ್ರ ಬರ್ಬೇಕು, ತೀರಾ ಕಮ್ಮಿ ಬಂದ್ರೆ ಎಲ್ಲೋ ಗಾಳಿ ತಾಗಿದೆ, ಮತ್ತೆ ಡಿಟಿಟಿ ಹಾಕಿ ಕಾಲಮ್ಮಿಂದ ಶುರು ಮಾಡಿ.