ಮಡೂರೊ ಸಿಗಾರ್: ರುಚಿಗಿಂತ ಮೊದಲು ಹದ ನೋಡಿ

ಗಲ್ಫ್‌ನಿಂದ ಬರುವ ನೆಂಟರು ಒಮ್ಮೊಮ್ಮೆ ಲಿಮಿಟೆಡ್ ಎಡಿಷನ್ ಸಿಗಾರ್ ತಂದುಕೊಡುವುದುಂಟು. ಕಡುಕಂದು ಹೊರಎಲೆಯ ಮಡೂರೊ ಆದರೆ ಬೆಲೆಯೂ ಜಾಸ್ತಿ. ಸುಮ್ನೆ ಹಚ್ಚಿ ಮುಗಿಸುವ ಬದಲು ಕ್ರಮವಾಗಿ ರುಚಿ ನೋಡಿದರೆ, ದುಡ್ಡಿಗೆ ತಕ್ಕ ಮಾಲು ಹೌದೋ ಅಲ್ಲವೋ ನಿಮಗೇ ತಿಳಿಯುತ್ತದೆ. ಆದರೆ ಹೊಗೆಯನ್ನು ಒಳಗೆಳೆಯದಿದ್ದರೂ ಸಿಗಾರ್‌ನಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಬರಬಹುದು. ಅಭ್ಯಾಸ ಇಲ್ಲದವರು ಇದಕ್ಕಾಗಿ ಶುರು ಮಾಡುವುದು ಖಂಡಿತ ಬೇಡ.

ಮೊದಲು ಡಬ್ಬಿ

ಸಿಗಾರ್‌ಗೆ ಬೇಕಾದ ತೇವಾಂಶ ಶೇ 65ರಿಂದ 70. ಮಳೆಗಾಲದ ಮಂಗಳೂರಿನಲ್ಲಿ ಗಾಳಿಯ ತೇವಾಂಶ ಶೇ 85 ದಾಟುತ್ತದೆ. ಕಪಾಟಿನೊಳಗಿನ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುವ ಕಾಲ ಅದು. ತೇವ ಕುಡಿದ ಸಿಗಾರ್ ಒಂದೇ ಸಮ ಉರಿಯುವುದಿಲ್ಲ, ಎಳೆದರೆ ಹೊಗೆ ಬರುವುದಿಲ್ಲ, ರುಚಿಯೂ ಕಹಿ. ಆ ಸ್ಥಿತಿಯಲ್ಲಿ ಸೇದಿ ತಯಾರಕರನ್ನು ಬೈದರೆ ಏನು ಬಂತು? ಎಲೆಯ ಹದ ಎಂದರೇನು ಎಂದು ಇಲ್ಲಿ ಬೀಡಿ ಕಟ್ಟುವ ಮನೆಗಳಿಗೆ ಚೆನ್ನಾಗಿ ಗೊತ್ತು.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ತೇವಾಂಶವನ್ನು ಶೇ 65ರಲ್ಲಿ ಹಿಡಿದಿಡುವ ಹ್ಯುಮಿಡಿಟಿ ಪ್ಯಾಕೆಟ್ ಮತ್ತು ತೇವಾಂಶ ಅಳೆಯುವ ಚಿಕ್ಕ ಮೀಟರ್ ಇಡಿ. ಮೀಟರ್ ಸರಿ ಇದೆಯೇ ಎಂದು ನೋಡಲು ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿಹೋಗದಷ್ಟು ಮಾತ್ರ ನೀರು ಹನಿಸಿ, ಮೀಟರ್ ಜೊತೆ ಬಿಗಿಯಾದ ಚೀಲದಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ 75 ತೋರಿಸಬೇಕು. 72 ತೋರಿಸಿದರೆ ನಿಮ್ಮ ಮೀಟರ್ 3 ಕಡಿಮೆ ಹೇಳುತ್ತದೆ ಎಂದಾಯಿತು. ಸಿಗಾರ್ ಈ ಡಬ್ಬಿಯಲ್ಲಿ ಎರಡು ಮೂರು ವಾರ ಇರಲಿ. ಎಲೆಯ ಮೇಲೆ ಹತ್ತಿಯಂತೆ ಉಬ್ಬಿದ, ಹಸಿರು ಛಾಯೆಯ ಕಲೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಸೇದಬೇಡಿ. ಸೂಜಿ ಚುಚ್ಚಿದಂಥ ತೂತು ಇದ್ದರೆ ತಂಬಾಕಿನ ಹುಳ ಹೊಕ್ಕಿದೆ ಎಂದರ್ಥ.

ಬಣ್ಣಕ್ಕೆ, ಲೇಬಲ್ ಪಟ್ಟಿಗೆ ಮರುಳಾಗಬೇಡಿ

ಮಡೂರೊಗೆ ದಪ್ಪ ಎಲೆಯೇ ಆಗಬೇಕು. ಅಮೆರಿಕದ ಕನೆಕ್ಟಿಕಟ್ ಬ್ರಾಡ್‌ಲೀಫ್, ಮೆಕ್ಸಿಕೊದ ಸ್ಯಾನ್ ಆಂಡ್ರೆಸ್ ಎಲೆಗಳು ಹೆಚ್ಚು ಬಳಕೆಯಲ್ಲಿವೆ. ರಾಶಿ ಹಾಕಿ, ಹೆಚ್ಚು ಶಾಖದಲ್ಲಿ, ಹೆಚ್ಚು ದಿನ ಹುದುಗು ಬರಿಸುವುದರಿಂದ ಎಲೆ ಕಪ್ಪಾಗುತ್ತದೆ, ರುಚಿಯಲ್ಲಿ ಸಿಹಿ ಛಾಯೆ ಬರುತ್ತದೆ. ಹಾಗಾಗಿ ಬಣ್ಣ ಅಲ್ಲಲ್ಲಿ ಏರುಪೇರಾಗಿರುವುದು ಸಹಜ. ಮಸಿಯಂತೆ ಒಂದೇ ಸಮ ಕಪ್ಪಾಗಿದ್ದು, ತುಟಿಗೂ ಬಣ್ಣ ಹತ್ತಿದರೆ ಅನುಮಾನ ಪಡಿ. ಕಪ್ಪು ಎಂದರೆ ಖಾರ ಎಂಬುದೂ ತಪ್ಪು. ಘಾಟು ಬರುವುದು ಮುಖ್ಯವಾಗಿ ಒಳಗೆ ತುಂಬಿದ, ಗಿಡದ ತುದಿಭಾಗದ ಎಲೆಗಳಿಂದ.

ಕ್ಯೂಬಾದ ಲಿಮಿಟೆಡ್ ಎಡಿಷನ್ ಸಿಗಾರ್ ಸಾಲು, ಎಡಿಸಿಯೋನ್ ಲಿಮಿಟಾಡಾ, 2000ರಲ್ಲಿ ಶುರುವಾಯಿತು. 2007ರಿಂದ ಅದರ ಎಲ್ಲ ಎಲೆಗಳೂ ಕನಿಷ್ಠ ಎರಡು ವರ್ಷ ಮಾಗಿರಬೇಕು. ಬೇರೆ ದೇಶಗಳ ತಯಾರಕರಿಗೆ ಹೀಗೊಂದು ಸಾಮಾನ್ಯ ನಿಯಮ ಇಲ್ಲ. ಅಲ್ಲಿ ಲಿಮಿಟೆಡ್ ಅಂದರೆ ಮಾಲು ಕಡಿಮೆ ಇದೆ ಎಂದಷ್ಟೇ. ರುಚಿಗೆ ಅದು ಗ್ಯಾರಂಟಿ ಅಲ್ವಲ್ಲ!

ಹಚ್ಚುವುದು, ಸೇದುವುದು

ಬರೀ ಹೊಟ್ಟೆಯಲ್ಲಿ ಬೇಡ, ತಲೆ ಸುತ್ತುತ್ತದೆ. ಕೋರಿ ರೊಟ್ಟಿ ತಿಂದ ತಕ್ಷಣವೂ ಬೇಡ, ಮಸಾಲೆ ನಾಲಿಗೆಯಲ್ಲೇ ಇರುತ್ತದೆ. ಜೊತೆಗೆ ಬರೀ ನೀರು ಇಟ್ಟುಕೊಳ್ಳಿ. ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಕಾನೂನಿಗೆ ವಿರುದ್ಧ. ಮನೆಯಲ್ಲೂ ಮಕ್ಕಳಿಂದ ದೂರ, ಅಂಗಳದಲ್ಲಿ ಕೂರಿ.

ಸಿಗಾರ್‌ನ ತಲೆ, ಅಂದರೆ ಬಾಯಿಗಿಡುವ ತುದಿಯನ್ನು ಮುಚ್ಚಿದ ಎಲೆಯ ಟೋಪಿಯನ್ನು ಸುಮಾರು 2 ಮಿಲಿಮೀಟರ್ ಮಾತ್ರ ಕತ್ತರಿಸಿ. ಹಚ್ಚುವ ಮೊದಲೇ ಒಮ್ಮೆ ಎಳೆದು, ಸಿಕ್ಕ ರುಚಿ ಬರೆದುಕೊಳ್ಳಿ. ಬ್ಯುಟೇನ್ ಲೈಟರಿನ ಜ್ವಾಲೆ ತಾಗದಂತೆ ಇನ್ನೊಂದು ತುದಿಯನ್ನು ತಿರುಗಿಸುತ್ತಾ ಬಿಸಿ ಮಾಡಿ, ಆಮೇಲೆ ಎಳೆಯಿರಿ. ನಿಮಿಷಕ್ಕೊಂದೇ ದಮ್ಮು. ಅವಸರ ಮಾಡಿದರೆ ಎಲೆ ಕಾದು ಎಲ್ಲವೂ ಕಹಿಯಾಗುತ್ತದೆ. ಹೊಗೆಯನ್ನು ಬಾಯಲ್ಲೇ ಆಡಿಸಿ ಬಿಡಿ.

ಸಿಗಾರ್ ಅನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ, ಒಂದೊಂದಕ್ಕೂ ಬೇರೆ ಟಿಪ್ಪಣಿ ಬರೆಯಿರಿ. ಪರದೇಶದ ಹಣ್ಣಿನ ಹೆಸರು ಹುಡುಕುವುದು ಬೇಡ. ಓಲೆಬೆಲ್ಲ, ಕಾಳುಮೆಣಸು, ಹುರಿದ ಕಾಫಿಬೀಜ, ಕೋಕೋ, ಮಳೆಬಿದ್ದ ಮಣ್ಣು: ನಿಮ್ಮ ನಾಲಿಗೆ ಮೂಗಿಗೆ ಪರಿಚಯ ಇರುವುದನ್ನೇ ಬರೆಯಿರಿ. ಮೊದಲ ಭಾಗದ ಖಾರ ನಡುವಿನಲ್ಲಿ ಸಿಹಿಗೆ ತಿರುಗಿತೇ? ಕೊನೆಯವರೆಗೂ ಒಂದೇ ರಾಗವೇ? ಒಳ್ಳೆಯ ಮಡೂರೊ ಬದಲಾಗುತ್ತಾ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಉರಿ ನೆಟ್ಟಗಿತ್ತೇ, ದಮ್ಮು ಸಲೀಸಾಗಿತ್ತೇ ಎಂಬುದನ್ನು ಬೇರೆಯೇ ಬರೆಯಿರಿ. ಕಟ್ಟಿದ ಕೈಯ ತಪ್ಪನ್ನು ಎಲೆಯ ಲೆಕ್ಕಕ್ಕೆ ಹಾಕಬಾರದು.

ಎರಡು ಸಿಗಾರ್ ಇದ್ದರೆ ಇನ್ನೊಂದನ್ನು ಆರು ತಿಂಗಳು ಡಬ್ಬಿಯಲ್ಲೇ ಬಿಡಿ. ಆಮೇಲೆ ಹಳೆಯ ಟಿಪ್ಪಣಿ ನೋಡದೆ ಹೊಸದಾಗಿ ಬರೆದು, ಎರಡನ್ನೂ ಪಕ್ಕದಲ್ಲಿಟ್ಟು ಅಂಕ ಕೊಡಿ.